ದೊಡ್ಡಮ್ಮ ಹಾಕಿದ ಸಹಿಗಳು

ನಮ್ಮ ಮನೆಯಲ್ಲಿ ದೊಡ್ಡಮ್ಮನಿಗೆ ಒಂದು ಅಡ್ಡಹೆಸರಿತ್ತು: ಬುರುಡೆ. ಇಟ್ಟವಳು ನಾನೇ, ಎಂಟನೆಯ ವಯಸ್ಸಿನಲ್ಲಿ. ಅಮ್ಮನ ಅಕ್ಕ ಅವಳು. ಮದುವೆಯ ಗೊಡವೆಗೆ ಹೋಗದೆ ನಮ್ಮ ಜೊತೆಯಲ್ಲೇ ಇದ್ದವಳು. ದಿನವಿಡೀ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ, ಬಾಟಲಿ ತೊಳೆದು ಬಂದು, ಸಂಜೆ ಕಾಲು ಚಾಚಿ ಕೂತು, "ನಾನು ಊದಿದ ಹೂದಾನಿ ಎಂತೆಂಥೋರ ಮನೇಲಿತ್ತು ಗೊತ್ತೇನೆ?" ಎಂದು ಶುರು ಮಾಡುತ್ತಿದ್ದಳು. ಅಮ್ಮ ಮೂಗು ಮುರಿಯುತ್ತಿದ್ದಳು. ನಾನು "ಬುರುಡೆ ಬಂತು, ಬುರುಡೆ ಬಂತು" ಎಂದು ಕೋಣೆ ತುಂಬ ಕುಣಿಯುತ್ತಿದ್ದೆ.

"ಕುಣಿ, ಕುಣಿ. ಕಾಲು ನೋವು ಬಂದಾಗ ನನ್ನ ಹತ್ರಾನೇ ಬರ್ತೀಯ" ಎನ್ನುತ್ತಿದ್ದಳು. ಹಾಗೆಂದು ಮಾತು ನಿಲ್ಲಿಸಿದವಳಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ ಎನ್ನುವ ಹಾಗೆ, ನಾವು ನಕ್ಕಷ್ಟೂ ಜೋರಾಗಿ ಹೇಳುತ್ತಿದ್ದಳು.

ಅವಳು ಹೇಳಿದ್ದಕ್ಕೆ ಮನೆಯಲ್ಲಿದ್ದ ಗುರುತು ಒಂದೇ, ಅಡುಗೆಮನೆಯ ಕಿಟಕಿಯಲ್ಲಿದ್ದ ನೀಲಿ ಹೂಜಿ. ಹೊಟ್ಟೆ ಒಂದು ಕಡೆಗೆ ವಾಲಿದ್ದರಿಂದ ಅಮ್ಮ ಅದರಲ್ಲಿ ಸೌಟು, ಚಮಚ ತುಂಬಿಸಿಟ್ಟಿದ್ದಳು. ಅದರ ತಳದ ಹತ್ತಿರ, ಎತ್ತಿದರೆ ಹೆಬ್ಬೆರಳು ಕೂರುವ ಜಾಗದಲ್ಲಿ, ಗಾಜಿನ ಒಳಗೆ ಬಟಾಣಿ ಕಾಳಿನಷ್ಟು ಗಾಳಿಗುಳ್ಳೆ. ಚಿಕ್ಕವಳಿದ್ದಾಗ ಅದನ್ನು ಉಜ್ಜಿ ಉಜ್ಜಿ ತೆಗೆಯಲು ನೋಡಿದ್ದೇನೆ. ಆಚೆ ಬರುವಂಥದ್ದಲ್ಲ ಅದು.

ಬುರುಡೆಯ ಗಾಳಿ ನನಗೂ ತಗುಲಿತೋ ಏನೋ, ನಾನೂ ಗಾಜಿನ ಕಸುಬಿಗೇ ಬಿದ್ದೆ. ಊದುವ ಗಾಜಲ್ಲ, ಕೊಯ್ಯುವ ಗಾಜು. ಕಿಟಕಿಗೆ, ಫೋಟೋ ಫ್ರೇಮಿಗೆ, ಅಂಗಡಿಯ ಕಪಾಟಿಗೆ ಅಳತೆ ತೆಗೆದು ಕೊಯ್ದುಕೊಡುತ್ತೇನೆ. ನನ್ನ ಹತ್ತೂ ಬೆರಳಲ್ಲಿ ಗಾಯದ ಗೆರೆಗಳಿವೆ. ಜೇಬಿನಲ್ಲಿ ಗುರುತು ಹಾಕುವ ವಜ್ರದ ಕಡ್ಡಿ ಯಾವಾಗಲೂ ಇರುತ್ತದೆ. ವಜ್ರ ಎಂದರೆ ಉಂಗುರದ್ದಲ್ಲ, ಮೊನೆಯಲ್ಲಿ ಸಾಸಿವೆಗಿಂತ ಸಣ್ಣ ಚೂರು.

ಹೋದ ವರ್ಷ ವಸ್ತುಸಂಗ್ರಹಾಲಯದವರು ಪ್ರದರ್ಶನದ ಪೆಟ್ಟಿಗೆಗಳಿಗೆ ಗಾಜು ಬೇಕೆಂದು ಕರೆದರು. ಅಳತೆಗೆಂದು ಉಗ್ರಾಣಕ್ಕೆ ಹೋದೆ. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಐದು ಗಾಜಿನ ಪಾತ್ರೆ ಇಟ್ಟಿದ್ದರು. ಕಸುಬಿನವರಿಗೆ ಇದೊಂದು ಚಟ, ಗಾಜು ಕಂಡರೆ ಕೈ ಸುಮ್ಮನಿರುವುದಿಲ್ಲ. ಮುಂದಿದ್ದ ನೀಲಿ ಬಟ್ಟಲನ್ನು ಎತ್ತಿದೆ. ಹೆಬ್ಬೆರಳು ಹೋಗಿ ಗುಳ್ಳೆಯ ಮೇಲೆ ಕೂತಿತು. ಅದೇ ಜಾಗ, ಅದೇ ಗಾತ್ರ.

"ಅಯ್ಯಯ್ಯೋ, ಮುಟ್ಬೇಡಿ ಮೇಡಂ!" ಬಿಳಿ ಗ್ಲೌಸ್ ಹಾಕಿದ ಅಧಿಕಾರಿ ಓಡಿಬಂದ. ವಯಸ್ಸು ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದಂಥ ಮಾತು. ಐದೂ ಪಾತ್ರೆಗಳ ಬಗ್ಗೆ ಅವನೇ ಪುಸ್ತಕ ಬರೆದಿದ್ದನಂತೆ, ಮುಂದಿನ ವಾರ ಅಚ್ಚಿಗೆ ಹೋಗುವುದಂತೆ.

"ಇದನ್ನ ಮಾಡಿದ್ದು ಯಾರು?" ಎಂದು ಕೇಳಿದೆ.

"ಅದರಲ್ಲಿ ಹುಡುಕೋದೇನಿದೆ? ತಳದಲ್ಲಿ ಸಹಿ ಇದೆಯಲ್ಲ." ಬಟ್ಟಲು ತಿರುಗಿಸಿ ತೋರಿಸಿದ. ದೊಡ್ಡ ಸುಳಿಯಿಂದ ಶುರುವಾಗುವ ಚಂದದ ಸಹಿ. ಊರಾಚೆ ಇದ್ದ ಹಳೆಯ ಗಾಜಿನ ಕಾರ್ಯಾಗಾರದ ಯಜಮಾನನದ್ದು. ಕಾಲೇಜಿನ ಕೆಲಸಕ್ಕೆ ಸೇರುವ ಮೊದಲು ದೊಡ್ಡಮ್ಮ ಹನ್ನೊಂದು ವರ್ಷ ದುಡಿದ ಜಾಗ ಅದು.

"ಇದು ನಮ್ಮ ದೊಡ್ಡಮ್ಮ ಮಾಡಿದ್ದು" ಅಂದೆ.

ಅವನು ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು. ಎಂಟನೆಯ ವಯಸ್ಸಿನಲ್ಲಿ ನಾನೇ ನಕ್ಕದ್ದು. ಬೇರೆಯವರ ಮುಖದಲ್ಲಿ ಅದನ್ನು ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಅವನು ಮರ್ಯಾದೆಯಿಂದಲೇ ಕಾರ್ಯಾಗಾರದ ಹಳೆಯ ರಿಜಿಸ್ಟರ್ ತೆಗೆದ. ದೊಡ್ಡಮ್ಮನ ಹೆಸರಿನ ಮುಂದೆ 'ಒರೆಸುವುದು, ಕಟ್ಟುವುದು' ಎಂದಿತ್ತು. ಊದುವವರ ಪಟ್ಟಿಯಲ್ಲಿ ಒಬ್ಬಳೂ ಹೆಂಗಸಿರಲಿಲ್ಲ.

ಮನೆಗೆ ಬಂದವಳೇ ಹೂಜಿಯಿಂದ ಚಮಚವನ್ನೆಲ್ಲ ಸುರಿದು, ಅದನ್ನು ದೊಡ್ಡಮ್ಮನ ಮುಂದಿಟ್ಟೆ. ಅವಳಿಗೆ ಆಗ ಎಪ್ಪತ್ತೊಂಬತ್ತು. ಬಟ್ಟಲು, ಪುಸ್ತಕದ ವಿಷಯ ಹೇಳಿ ಕೇಳಿದೆ: "ಹೇಗೆ ಮಾಡ್ತಿದ್ದೆ? ಮೊದಲಿಂದ ಹೇಳು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಲವತ್ತು ವರ್ಷ ಹೇಳಿದೀನಿ. ಇವತ್ತು ಕೇಳಿಸ್ತಾ?"

ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ. ಸ್ವಲ್ಪ ಹೊತ್ತು ನನ್ನನ್ನು ಹಾಗೇ ಬೇಯಲು ಬಿಟ್ಟು, ಆಮೇಲೆ ಹೇಳಿದಳು.

ಮಧ್ಯಾಹ್ನ ಗಂಡಸರೆಲ್ಲ ಊಟಕ್ಕೆ ಹೋಗುತ್ತಿದ್ದರು. ಭಟ್ಟಿ ಆರಿಸುವ ಹಾಗಿರಲಿಲ್ಲವಾದ್ದರಿಂದ ಬೆಂಕಿ ನೋಡಿಕೊಳ್ಳುವವನೊಬ್ಬ ಉಳಿಯುತ್ತಿದ್ದ. ಕಿಡಿ ಹಾರಿ ಅವನ ಗಡ್ಡದ ಒಂದು ಪಕ್ಕ ಸದಾ ಸುಟ್ಟಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಅರ್ಧಗಡ್ಡ ಎನ್ನುತ್ತಿದ್ದರು. ನೋಡಿ ನೋಡಿಯೇ ಊದಲು ಕಲಿತಿದ್ದವನು ಅವನು. ಕಲಿತದ್ದನ್ನು ದೊಡ್ಡಮ್ಮನಿಗೂ ಕಲಿಸಿದ. ಕರಗಿದ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು, ತಿರುಗಿಸುತ್ತಾ ಊದಬೇಕು. ತಿರುಗಿಸುವುದು ನಿಲ್ಲಿಸಿದರೆ ಎಲ್ಲ ಜೋತುಬೀಳುತ್ತದೆ. ಮೊದಲ ಹೂಜಿ ಹಾಗೇ ವಾಲಿತು. ಅದರ ಗುಳ್ಳೆಯೂ ಅಕಸ್ಮಾತ್ತಾಗಿ ಬಂದದ್ದೇ. ಆಮೇಲೆ ಅವಳು ಬೇಕೆಂದೇ ಒದ್ದೆ ಕಡ್ಡಿಯಿಂದ ಬಿಸಿ ಗಾಜನ್ನು ಚುಚ್ಚಿ, ಅದರ ಮೇಲೆ ಇನ್ನೊಂದು ಪದರ ಗಾಜು ಮುಚ್ಚಿ, ಪ್ರತಿಯೊಂದರಲ್ಲೂ ಒಂದು ಗುಳ್ಳೆ ಕೂರಿಸಿದಳು.

"ಯಜಮಾನನಿಗೆ ಗೊತ್ತಾಗ್ಲಿಲ್ವಾ?"

"ಒಂದಿನ ಬಾಗಿಲಲ್ಲಿ ನಿಂತು ನೋಡ್ತಿದ್ದ. ಬೈತಾನೆ ಅಂದ್ಕೊಂಡೆ. 'ಮಾಡು, ಆದ್ರೆ ಬಾಗಿಲು ಹಾಕ್ಕೊಂಡು ಮಾಡು' ಅಂದ. ಆಮೇಲೆ ನಂದು, ಅರ್ಧಗಡ್ಡಂದು ಎಲ್ಲಾ ಅವನ ಹೆಸರಲ್ಲೇ ಹೊರಗೆ ಹೋದ್ವು."

"ನೀನು ಯಾಕೆ ಸುಮ್ಮನಿದ್ದೆ?"

"ನನಗೆ ಬೆಂಕಿ ಬೇಕಿತ್ತು ಕಣೆ. ಹೆಸರು ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡೆ. ಯಜಮಾನ ಸತ್ತ, ಭಟ್ಟಿ ಆರಿತು, ಆ 'ಆಮೇಲೆ' ಬರಲೇ ಇಲ್ಲ." ಹೂಜಿಯನ್ನು ಪಕ್ಕಕ್ಕೆ ತಳ್ಳಿ ಎದ್ದಳು. "ನಾಳೆ ಕರ್ಕೊಂಡು ಹೋಗು. ಆ ಪುಸ್ತಕ ಅಚ್ಚಾಗೋಕೆ ಮುಂಚೆ ನಾನು ಅವನನ್ನ ನೋಡ್ಬೇಕು."

ಮರುದಿನ ಉಗ್ರಾಣದಲ್ಲಿ ಅಧಿಕಾರಿ ಅವಳಿಗೂ ಒಂದು ಜೊತೆ ಗ್ಲೌಸ್ ಚಾಚಿದ.

"ಇದು ಕೆಂಡದ ಹಾಗಿದ್ದಾಗ ಹಿಡಿದೋಳು ನಾನು. ತಣ್ಣಗಾದ ಮೇಲೆ ಕೈಗೆ ಚೀಲ ಹಾಕ್ಕೋಬೇಕಾ?" ಎಂದವಳೇ ಬರಿಗೈಯಲ್ಲಿ ನೀಲಿ ಬಟ್ಟಲು ಎತ್ತಿಕೊಂಡಳು. ಅಷ್ಟು ವರ್ಷ ನಮ್ಮ ನಗು ನುಂಗಿದ ಮುಖ ಒಂದು ಕ್ಷಣ ಸಡಿಲವಾಯಿತು. ಮತ್ತೆ ಗಟ್ಟಿಯಾಯಿತು. "ನಂದೇ. ಗುಳ್ಳೆ ನೋಡಿ."

"ಅಮ್ಮಾ, ಗುಳ್ಳೆ ಅನ್ನೋದು ಗಾಜಿನ ದೋಷ. ಯಾರ ಕೈಯಲ್ಲಾದ್ರೂ ಆಗಬಹುದು."

"ಆಗ್ಲಿ. ಪ್ರತಿ ಸಲ ಅದೇ ಜಾಗಕ್ಕೆ ನಡ್ಕೊಂಡು ಬರುತ್ತಾ?"

ನಾನು ಚೀಲದಿಂದ ಮನೆಯ ಹೂಜಿ ತೆಗೆದು ಪಕ್ಕದಲ್ಲಿಟ್ಟೆ. ಅವನು ಎರಡನ್ನೂ ತಿರುಗಿಸಿ ನೋಡಿದ. ತಲೆ ಕೆರೆದುಕೊಂಡ. ಕೊನೆಗೆ, "ಆದ್ರೂ ಸಹಿ ಇದೆಯಲ್ಲಮ್ಮಾ. ಸಹಿಗಿಂತ ದೊಡ್ಡ ಸಾಕ್ಷಿ ಯಾವುದು?" ಎಂದ.

ದೊಡ್ಡಮ್ಮ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಆ ಸಹಿನಾ? ಅದನ್ನ ಹಾಕಿದ್ದೂ ನಾನೇ ಕಣಪ್ಪಾ."

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನನ್ನದೂ ಅಷ್ಟೇ; ಈ ಭಾಗ ನಲವತ್ತು ವರ್ಷದ ಬುರುಡೆಯಲ್ಲೂ ಬಂದಿರಲಿಲ್ಲ.

"ಯಜಮಾನನಿಗೆ ಕೈ ನಡುಕ. ಕೊಳವೆ ಹಿಡಿದಾಗ ಇರ್ತಿರ್ಲಿಲ್ಲ, ಸಹಿ ಕೊರೆಯೋ ಸೂಜಿ ಹಿಡಿದ್ರೆ ಕೋಳಿ ಕೆದರಿದ ಹಾಗೆ ಆಗ್ತಿತ್ತು. ನನ್ನ ಅಕ್ಷರ ಚೆನ್ನಾಗಿತ್ತು. ಅದಕ್ಕೇ ಸಹಿ ಹಾಕೋದು ಒರೆಸೋ ಕೋಣೆಯ ಕೆಲಸ ಆಯ್ತು. ಬೆಳಿಗ್ಗೆ ಬಂದು ಒರೆಸೋದು, ಸಹಿ ಕೊರೆಯೋದು, ಹುಲ್ಲಲ್ಲಿ ಸುತ್ತಿ ಕಟ್ಟೋದು. ಅವನದ್ದಕ್ಕೂ ನಾನೇ, ನನ್ನದಕ್ಕೂ ನಾನೇ. ಹನ್ನೊಂದು ವರ್ಷ. ಕಾಗದ ಕೊಡು."

ಪೆನ್ಸಿಲ್ ಹಿಡಿದು, ಉಸಿರು ಬಿಡುವಷ್ಟರಲ್ಲಿ ಬರೆದಳು. ಅದೇ ದೊಡ್ಡ ಸುಳಿ, ಅದೇ ಕೊನೆಯ ಬಾಲ. ಅವನು ಭೂತಗನ್ನಡಿ ಹಿಡಿದು ಕಾಗದ, ಬಟ್ಟಲು, ಮತ್ತೆ ಕಾಗದ ನೋಡಿದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ಹಾಗಾದ್ರೆ ಈ ಸಹಿ ಯಾವುದಕ್ಕೂ ಸಾಕ್ಷಿ ಅಲ್ಲ" ಎಂದು ಗೊಣಗಿದ.

"ಯಾಕಲ್ಲ? ನನ್ನ ಅಕ್ಷರ ಚೆನ್ನಾಗಿತ್ತು ಅನ್ನೋದಕ್ಕೆ ಸಾಕ್ಷಿ."

ಅವನು ಬುದ್ಧಿವಂತ. ಗೊಣಗುತ್ತಲೇ ಅವಳ ಮುಂದಕ್ಕೆ ಒಂದು ಹಸಿರು ಹೂದಾನಿ ಸರಿಸಿದ. ಐದರಲ್ಲಿ ಎಲ್ಲಕ್ಕಿಂತ ಚೆಲುವೆ ಅದೇ, ನೀಳವಾಗಿ, ತೆಳ್ಳಗೆ. ಅವನ ಪುಸ್ತಕದ ಮುಖಪುಟವೂ ಅದೇ. "ಇದೂ ನಿಮ್ಮದೇ ಇರಬೇಕಲ್ವಾ ಅಮ್ಮಾ?" ಎಂದ. ಹೂಂ ಎನ್ನು ದೊಡ್ಡಮ್ಮ ಎಂದು ನನ್ನ ಮನಸ್ಸು ಬೇಡಿತು. ನಿಜ ಹೇಳುತ್ತೇನೆ, ನನಗೆ ಆಸೆ ಆಯಿತು.

ದೊಡ್ಡಮ್ಮ ಅದರ ಬಾಯಂಚನ್ನು ಬೆರಳಿಂದ ಒಂದು ಸುತ್ತು ಸವರಿದಳು. "ಅಲ್ಲ. ಇಷ್ಟು ಚೆನ್ನಾಗಿ ನನಗೆ ಯಾವತ್ತೂ ಬರಲಿಲ್ಲ. ಇದು ಅರ್ಧಗಡ್ಡಂದು. ಮೈ ತೆಳ್ಳಗಿದ್ರೂ ಬಾಯಂಚು ಮಾತ್ರ ದಪ್ಪ ಬಿಡ್ತಿದ್ದ, ಕಟ್ಟುವಾಗ ನಾನೆಲ್ಲಿ ಒಡೆದು ಬೈಸ್ಕೊಳ್ತೀನೋ ಅಂತ." ಉಳಿದವನ್ನೂ ಬೇರೆ ಮಾಡಿದಳು. ಒಂದು ಸೊಟ್ಟ ಹಳದಿ ಲೋಟ ತನ್ನದು, "ಅವತ್ತು ಸಿಟ್ಟಿತ್ತು." ಎರಡು ಯಜಮಾನನವು. "ಅವನೂ ಚೆನ್ನಾಗೇ ಮಾಡ್ತಿದ್ದ. ಸುಳ್ಳು ಯಾಕೆ ಹೇಳ್ಲಿ?"

ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ನಂಬಿದ್ದ, ಅದು ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಅಧಿಕಾರಿಯ ಜೀವ ಅಲ್ಲವೇ, ನಡುದಾರಿ ಹುಡುಕಿದ. "'ಯಜಮಾನರ ಕೃತಿ, ಕೆಲಸಗಾರರ ನೆರವಿನಿಂದ' ಅಂತ ಹಾಕ್ಲಾ? ಅಷ್ಟಾದ್ರೆ ಮೇಲಿನವರೂ ಒಪ್ಪಬಹುದು."

"ನೆರವು ಕೊಟ್ಟೋನು ಯಜಮಾನ ಕಣಪ್ಪಾ. ಬಾಗಿಲು ಹಾಕಿಸಿದ. ಬೇಕಿದ್ರೆ ಅದನ್ನ ಬರಿ."

"ನನ್ನೊಬ್ಬನ ಕೈಲಿಲ್ಲ ಅಮ್ಮಾ, ಫೋನ್ ಮಾಡಿ ಕೇಳ್ತೀನಿ" ಎಂದು ಪಕ್ಕದ ಕೋಣೆಗೆ ಹೋದ. ಗೋಡೆಯಾಚೆ "ಹೌದು ಸಾರ್, ಇಲ್ಲ ಸಾರ್" ಕೇಳಿಸತೊಡಗಿತು.

ದೊಡ್ಡಮ್ಮ ನನ್ನ ಕಡೆ ಕೈ ಚಾಚಿದಳು. "ನಿನ್ನ ವಜ್ರದ ಕಡ್ಡಿ ಕೊಡು."

ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆಗಳ ಕೆಲಸ ಕೈಬಿಟ್ಟು ಹೋಗುತ್ತದೆ, ಪೊಲೀಸರೂ ಬರಬಹುದು. ಬರಲಿ. ನಲವತ್ತು ವರ್ಷ ಅವಳನ್ನು ಬುರುಡೆ ಎಂದು ಕರೆದ ಬಾಯಿ ನನ್ನದು. ಜೇಬಿನಿಂದ ತೆಗೆದು ಕೊಟ್ಟೆ.

ಮೊದಲು ಹಸಿರು ಹೂದಾನಿಯನ್ನು ಮಡಿಲಲ್ಲಿ ಕವುಚಿ ಹಾಕಿಕೊಂಡಳು. ಯಜಮಾನನ ಸಹಿಯ ಕೆಳಗೆ ಅರ್ಧಗಡ್ಡನ ಹೆಸರು ಕೊರೆದಳು. ಅವನ ನಿಜವಾದ ಹೆಸರು ನನಗೆ ಗೊತ್ತಾದದ್ದು ಆವತ್ತೇ. ಪುಡಿ ಊದಿ, ಅದನ್ನು ಜೋಪಾನವಾಗಿ ಬಟ್ಟೆಯ ಮೇಲಿಟ್ಟು, ನೀಲಿ ಬಟ್ಟಲು ತೆಗೆದುಕೊಂಡಳು.

ಕಡ್ಡಿ ಗಾಜಿಗೆ ತಾಗಿದ್ದೇ ತಡ, ಕೈ ತನ್ನಷ್ಟಕ್ಕೆ ತಾನೇ ಓಡಿತು. ಯಜಮಾನನ ದೊಡ್ಡ ಸುಳಿ. ಅರ್ಧ ಸುತ್ತು ಬಂದಾಗ ಅವಳಿಗೇ ಗೊತ್ತಾಗಿ ಗಕ್ಕನೆ ನಿಂತಳು. "ಥೂ, ಹಾಳಾದ ಕೈ!" ತನ್ನ ಬಲಗೈಯನ್ನು ಎಡಗೈಯಿಂದ ಪಟ್ಟನೆ ಹೊಡೆದಳು. ಆಮೇಲೆ ಮೊದಲ ಸಲ ಸ್ಲೇಟು ಹಿಡಿದ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದಳು.

ಅಧಿಕಾರಿ ಬಾಗಿಲಲ್ಲಿ ನಿಂತು ಚೀರಿದ. "ಅಮ್ಮಾ! ಏನ್ ಮಾಡ್ತಿದೀರ ನೀವು!"

"ನನ್ನ ಕೆಲಸ." ಅವಳು ತಲೆ ಎತ್ತಲಿಲ್ಲ, ಕೊನೆಯ ಅಕ್ಷರ ಬಾಕಿಯಿತ್ತು. "ಸಹಿ ಹಾಕೋದು ಮೊದಲಿಂದ್ಲೂ ನನ್ನ ಕೆಲಸಾನೇ. ನಿಮ್ಮ ರಿಜಿಸ್ಟರಲ್ಲಿ ಬರೆದಿಲ್ಲ ಅಷ್ಟೆ."

ಅವನು ಬಂದು ಎದುರಿಗೆ ಕುಸಿದು ಕೂತ. ತುಂಬ ಹೊತ್ತು ಬಟ್ಟಲಿನ ತಳ ನೋಡಿದ. ಬೈಯುತ್ತಾನೆ ಎಂದು ನಾನು ತೋಳು ಏರಿಸಿಕೊಂಡೇ ನಿಂತಿದ್ದೆ. ಅವನು ಮೆಲ್ಲಗೆ, "ಈ ಅರ್ಧ ಸುಳಿಯನ್ನ ಬೇಕಿದ್ರೆ ಉಜ್ಜಿ ತೆಗೆಸಬಹುದು" ಎಂದ.

"ಬೇಡ. ಇರ್ಲಿ. ಅವನ ಹೆಸರು ಈ ಕೈಗೆ ಎಷ್ಟು ಅಂಟಿತ್ತು ಅಂತ ನೋಡೋರಿಗೂ ಗೊತ್ತಾಗ್ಲಿ."

ಪೊಲೀಸರು ಬರಲಿಲ್ಲ. ಅಧಿಕಾರಿ ಮೇಲಿನವರ ಜೊತೆ ಗುದ್ದಾಡಿ, ಪುಸ್ತಕ ಮೂರು ತಿಂಗಳು ತಡವಾಗಿ ಬಂತು. ಮುಖಪುಟದ ಹಸಿರು ಹೂದಾನಿಯ ಕೆಳಗೆ ಅರ್ಧಗಡ್ಡನ ಹೆಸರಿದೆ, ಒಳಗೆ ಎರಡು ಪುಟ ದೊಡ್ಡಮ್ಮನದು. ಪೆಟ್ಟಿಗೆಗಳ ಕೆಲಸ ನನ್ನ ಕೈಬಿಟ್ಟುಹೋಯಿತು. ಮೇಲಿನವರಿಗೆ ಸಿಟ್ಟು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತಲ್ಲ.

ಆವತ್ತು ಉಗ್ರಾಣದಿಂದ ಮನೆಗೆ ಬಂದ ಮೇಲೆ ದೊಡ್ಡಮ್ಮ ಮತ್ತೆ ಕಡ್ಡಿ ಕೇಳಿದಳು. ವಾಲಿದ ಹೂಜಿಯನ್ನು ಅಡುಗೆಮನೆಯ ಮೇಜಿನ ಮೇಲೆ ಕವುಚಿದಳು. ಈ ಸಲ ಸುಳಿ ಬರಲಿಲ್ಲ. ಒಂದೇ ಏಟಿಗೆ ತನ್ನ ಹೆಸರು ಬರೆದು, ಪುಡಿ ಒರೆಸಿ, ಚಮಚಗಳನ್ನು ವಾಪಸ್ ತುಂಬಿಸಿ ಕಿಟಕಿಯಲ್ಲಿಟ್ಟಳು.