ಕಾಲೆತ್ತದ ಕುಣಿತ

ಮಾವಶಿಯ ಸಿಟ್ಟು ನಮ್ಮ ಕೇರಿಯಲ್ಲೇ ಹೆಸರುವಾಸಿ. ಮಾವಶಿ ಎಂದರೆ ನನ್ನ ತಾಯಿಯ ಅಕ್ಕ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನಗೂ ಬಂದಿದೆ, ಆದ್ದರಿಂದ ಅದರ ಬಗ್ಗೆ ಮಾತನಾಡುವ ಹಕ್ಕೂ ನನಗಿದೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಮುಂದೆ ನಿಂತು ಚೌಕಾಶಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಚೌತಿ ಬಂತೆಂದರೆ ಅವಳು ಬೇರೆಯೇ ಹೆಂಗಸು. ಗಣಪತಿಯ ಎದುರು ಹೆಂಗಸರು ಸುತ್ತುಕಟ್ಟಿ ಕುಣಿಯುವ ಫುಗಡಿಗೆ ಅವಳೇ ಮುಂದಾಳು. ಅವಳು ಹಾಡು ಎತ್ತಬೇಕು, ಅವಳು ‘ಫೂ’ ಎಂದು ಉಸಿರು ಬಿಡಬೇಕು, ಆಮೇಲೆಯೇ ಉಳಿದವರ ಕಾಲು ಏಳಬೇಕು. ಚೆಂಡಿಯಾದ ದಡದಲ್ಲಿದ್ದ ನಮ್ಮ ಜಾಗ ನೇವಿಯ ನೌಕಾನೆಲೆಗೆ ಹೋಗಿ ನಾವೆಲ್ಲ ಪುನರ್ವಸತಿ ಕಾಲೊನಿಗೆ ಬಂದಾಗ, ಯಾರ ಮನೆ ಯಾವ ಸಾಲಿನಲ್ಲಿದೆ ಎಂದೇ ತಿಳಿಯದೆ ಹೆಂಗಸರು ಕಂಗಾಲಾಗಿದ್ದರು. ಆ ವರ್ಷದ ಚೌತಿಗೆ ಒಬ್ಬೊಬ್ಬರನ್ನೇ ಕೈ ಹಿಡಿದು ಎಳೆತಂದು ಸುತ್ತು ಕಟ್ಟಿದವಳು ಅವಳು.

ಅಂಥವಳ ಮಂಡಿ ಸವೆಯಿತು. ನೆಗೆಯಬಾರದು, ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ನೆಗೆತವೂ ಕುಕ್ಕರಗಾಲೂ ಬಿಟ್ಟರೆ ಫುಗಡಿಯಲ್ಲಿ ಉಳಿಯುವುದಾದರೂ ಏನು? ಮುಂದಿನ ಚೌತಿಗೆ ಹೆಂಗಸರು ಸೇರುತ್ತಿದ್ದ ಹಾಗೆಯೇ ಅವಳು ‘ಒಲೆ ಮೇಲೆ ಸಾರಿದೆ’ ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಅಡುಗೆಯವನು, ಒಲೆ ಹೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಸೊಸೆ ಅಂಗಳದಲ್ಲಿ ಕುರ್ಚಿ ಹಾಕಿ ಕರೆದಳು. ಬಾಗಿಲ ಹಿಂದಿನಿಂದಲೇ ಉತ್ತರ ಬಂತು: “ಕುರ್ಚಿ ಮೇಲೆ ಕೂತ್ಕಂಡು ಚಪ್ಪಾಳೆ ಹೊಡಿಯೂಕೆ ನಾ ಎಂತಾ ಸಭೆ ಅಧ್ಯಕ್ಷೆಯಾ?”

ಹೊರಗೆ ಹೆಂಗಸರು ಸ್ವಲ್ಪ ಹೊತ್ತು ಸುತ್ತಿ, ಯಾರ ಹಾಡಿಗೆ ಯಾರ ಹೆಜ್ಜೆಯೂ ಕೂಡದೆ, ಪ್ರಸಾದ ತಿಂದು ಮನೆಗೆ ಹೋದರು. ಮುಂದಿನ ಸಲ ಚೌತಿಗೆ ಅಗಸೂರಿನ ನೆಂಟರ ಮನೆಗೆ ಹೋಗಿಬಿಡುತ್ತೇನೆ ಎಂದು ಮಾವಶಿ ಸಾರಿದಳು. ಹಬ್ಬದ ದಿನ ಅವಳು ಮನೆಯಲ್ಲೇ ಇರುವುದಿಲ್ಲ ಎಂದರೆ ನಮ್ಮ ಕಾಲೊನಿಯ ಫುಗಡಿಯ ಕಥೆ ಮುಗಿದ ಹಾಗೆಯೇ. ನನಗೆ ಅದಕ್ಕಿಂತ ಸಂಕಟವಾದದ್ದು, ಆ ಹೆಂಗಸು ಬಾಗಿಲ ಹಿಂದೆ ಕೂತು ಹಬ್ಬ ಕಳೆಯುವುದು. ಹೇಳಿದರೆ ನನಗೇ ಬೈಯುತ್ತಾಳೆ ಎಂದು ಸುಮ್ಮನೆ ಹಡಗು ಹತ್ತಿದೆ.

ನಾನು ಸರಕು ಹಡಗಿನಲ್ಲಿ ಅಡುಗೆಯವನು. ಆ ಸಲ ಮಾರಿಷಸ್ಸಿನ ಬಂದರಿನಲ್ಲಿ ನಮ್ಮ ಹಡಗು ರಿಪೇರಿಗೆಂದು ನಿಂತಿತು. ಹಡಗಿಗೆ ತರಕಾರಿ ತಂದುಕೊಡುವವನೊಬ್ಬ, ಅವನ ಹಿರಿಯರು ಕೊಂಕಣ ಕಡೆಯವರು, ಭಾನುವಾರ ತನ್ನ ಮನೆಯವರೊಡನೆ ನನ್ನನ್ನೂ ಸಮುದ್ರ ತೀರಕ್ಕೆ ಕರೆದೊಯ್ದ. ಊಟವಾದ ಮೇಲೆ ಆಡಿನ ಚರ್ಮ ಹೊದಿಸಿದ, ದೊಡ್ಡ ಬಳೆಯಂಥ ವಾದ್ಯವೊಂದನ್ನು ಬೆಂಕಿಗೆ ಹಿಡಿದರು, ನಾವು ಹಪ್ಪಳ ಸುಡುವ ಹಾಗೆ. ಚರ್ಮ ಬಿಗಿಯಾಯಿತು. ಬಡಿತ ಶುರುವಾಯಿತು. ಗಂಡಸರು, ಹೆಂಗಸರು, ಅಜ್ಜಿಯರು ಮರಳಿನ ಮೇಲೆ ಸೊಂಟ ತೂಗುತ್ತ, ಪಾದ ಜಾರಿಸುತ್ತ ಕುಣಿದರು. ಒಬ್ಬರ ಕಾಲೂ ನೆಲ ಬಿಡಲಿಲ್ಲ.

ಅದರ ಹೆಸರು ಸೆಗಾ. ಆಫ್ರಿಕಾದಿಂದ, ಮಡಗಾಸ್ಕರ್‌ನಿಂದ ಗುಲಾಮರನ್ನಾಗಿ ಹಿಡಿದು ತಂದ ಜನ ಕಬ್ಬಿನ ತೋಟದ ದುಡಿತ ಮುಗಿಸಿ ಕುಣಿದದ್ದು. ಒಡೆಯರು ಮೂಗು ಮುರಿದರು, ಪಾದ್ರಿಗಳು ಬೈದರು, ಕುಣಿತ ನಿಲ್ಲಲಿಲ್ಲ. ಆಮೇಲೆ ಅದಕ್ಕೆ ಫ್ರೆಂಚರ ಅಕಾರ್ಡಿಯನ್ ಸೇರಿತು, ಕೂಲಿಗೆಂದು ಅಲ್ಲಿಗೆ ಹೋದ ನಮ್ಮವರ ಢೋಲಕ್ ಸೇರಿತು, ಭೋಜಪುರಿ ಮಾತು ಸೇರಿತು, ಈಗಿನ ಹುಡುಗರ ಗಿಟಾರೂ ಸೇರಿದೆ. ಸುತ್ತಲಿನ ದ್ವೀಪಗಳಲ್ಲೂ ಒಂದೊಂದು ಬಗೆಯಲ್ಲಿ ಕುಣಿಯುತ್ತಾರಂತೆ. ಕಾಲು ಯಾಕೆ ಎತ್ತುವುದಿಲ್ಲ ಎಂದು ಕೇಳಿದೆ. ಮರಳಲ್ಲಿ ಕುಣಿದರೆ ಹಾಗೆಯೇ ಎಂದು ಒಬ್ಬರು ಹೇಳಿದರು. ಆ ಕಾಲದಲ್ಲಿ ಕಾಲಿಗೆ ಸರಪಳಿ ಇತ್ತು ಎಂದು ತರಕಾರಿಯವನ ಅಜ್ಜಿ ಹೇಳಿದಳು. ನಾನು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡೆ.

ರಜೆಗೆ ಬಂದವನು, ಚೌತಿಗೆ ಇನ್ನೂ ಕೆಲವು ದಿನ ಇರುವಾಗಲೇ ಮಾವಶಿಗೆ ವಿಡಿಯೋ ತೋರಿಸಿದೆ.

“ಇದೆಂತಾ ಕುಣಿತ ಮಾರಾಯಾ? ನೆಲ ಒರೆಸಿದಂಗೆ!” ಎಂದಳು.

ಸರಪಳಿಯ ಮಾತು ಹೇಳಿದೆ. ಅವಳು ಫೋನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಇನ್ನೊಮ್ಮೆ ಹಾಕು ಎಂದಳು. ಹಾಕಿದೆ.

“ಕಾಲಿಗೆ ಸರಪಳಿ ಇದ್ದವ್ರು ಕುಣಿದ್ರಾ ತಮ್ಮಾ?”

“ಹೌದಂತೆ.”

“ನಂಗೆ ಬರೀ ಮಂಡಿ,” ಎಂದು ಗೋಡೆ ಹಿಡಿದು ಎದ್ದಳು.

ಅಡುಗೆಮನೆಯ ಟೈಲ್ಸಿನ ಮೇಲೆ ಅವಳ ಪಾದ ಅಂಟಿ ನಿಂತಿತು. ಮರಳು ಬೇಕು ಎಂದು ಹಟ ಹಿಡಿದಳು. ಪಕ್ಕದವರು ಮನೆ ಕಟ್ಟಿಸುತ್ತಿದ್ದರು. ಅವರನ್ನು ಕೇಳಿ ನಾಲ್ಕು ಬುಟ್ಟಿ ಮರಳು ತಂದು ನಮ್ಮ ಸಿಮೆಂಟಿನ ಅಂಗಳದಲ್ಲಿ ಹರಡಿದೆ. ಡೊಳ್ಳು ಹೊಟ್ಟೆಯ ನಾನು ಸೊಂಟ ತೂಗಿ ತೋರಿಸಿದಾಗ ಅಕ್ಕಪಕ್ಕದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗಲಿ. ಮಾವಶಿ ನಗಲಿಲ್ಲ, ನನ್ನ ಪಾದಗಳನ್ನೇ ನೋಡುತ್ತಿದ್ದಳು.

ಚೌತಿಯ ದಿನ ಅವಳು ಅಗಸೂರಿಗೆ ಹೋಗಲಿಲ್ಲ. ಪೂಜೆಯಾದ ಮೇಲೆ ಅಂಗಳಕ್ಕಿಳಿದು ಹಾಡು ಎತ್ತಿದಳು. ಹಾಡು ನಮ್ಮ ಫುಗಡಿಯದೇ, ನಡೆ ಮಾತ್ರ ನಿಧಾನ. ಪಾದ ಮರಳನ್ನು ಒರೆಸುತ್ತ ಒಂದು ಸುತ್ತು ಬಂದಳು, ಸೊಂಟ ತೂಗಿದಳು, ‘ಫೂ’ ಎಂದಳು. ಸೊಸೆ ಹಿಂದೆ ಸೇರಿದಳು, ಆಮೇಲೆ ಪಕ್ಕದ ಮನೆಯವರು, ಆಮೇಲೆ ಇಡೀ ಸಾಲು. ಮಂಡಿನೋವಿನ ನೆಪ ಹೇಳಿ ಕೂತಿದ್ದ ಇನ್ನೂ ಕೆಲವು ಮುದುಕಿಯರು ತಾವೇ ಎದ್ದು ಬಂದರು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕಾಲೊನಿಯಿಂದ ಭಾವಿಕೇರಿಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳು ಆ ನಡೆಯನ್ನು ಅಲ್ಲಿಗೂ ಒಯ್ದಳು. ಈ ವರ್ಷ ಅವಳ ನಾದಿನಿಯ ಮದುವೆಗೆ ಮಾವಶಿಯನ್ನು ಕರೆದುಕೊಂಡು ಹೋಗಿದ್ದೆ. ಅರಿಸಿನದ ದಿನ ಅಂಗಳದಲ್ಲಿ ಗುರುತಿಲ್ಲದ ಹೆಂಗಸರು ಪಾದ ಜಾರಿಸಿ ಕುಣಿಯುತ್ತಿದ್ದರು. ನೋಡುತ್ತ ನಿಲ್ಲುವ ಜಾತಿಯವಳೇ ನಮ್ಮ ಮಾವಶಿ? ನುಗ್ಗಿ ಮುಂದೆ ನಿಂತಳು, ನೆಲದಿಂದ ಕಾಲೆತ್ತಿದ ಮದುಮಗಳಿಗೂ ಗದರಿದಳು. ಕುಣಿತ ನಿಂತಾಗ ಮದುಮಗಳು ಅವಳ ಕೈ ಹಿಡಿದು ಕೇಳಿದಳು:

“ಅಜ್ಜೀ, ಇದು ಯಾವ ಊರಿನ ಕುಣಿತ?”

ಮಾರಿಷಸ್ ಎಂದು ಹೇಳಲು ನಾನು ಬಾಯಿ ತೆರೆದೆ. ಮಾವಶಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಏದುಸಿರು ಬಿಡುತ್ತಲೇ ಹೇಳಿದಳು:

“ಊರು ಬಿಟ್ಟು ಬಂದವ್ರದ್ದು ಮಗಾ. ನಮ್ದೇ.”