ರಾಹುಕಾಲಕ್ಕೆ ಕಲ್ಲಾದ ಬಕೆಟ್ಟು

ಪಂಪು, ಪೈಪುಗಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿಯುವುದು ಓಬುಳೇಶನ ಕಸುಬು. ಕಂಬದೂರಿನಿಂದ ಹಿಂದೂಪುರಕ್ಕೆ ಬಂದವನು. ನಮ್ಮಪ್ಪ ಮಗ್ಗ ಹಾಕಿದ್ದ ಶೆಡ್ಡಿನಲ್ಲಿ ಈಗ ನಾನು ಕೋಟಿಂಗ್ ಕೆಲಸ ನಡೆಸುತ್ತೇನೆ. ಅಲ್ಲಿ ಅವನೇ ನನ್ನ ಬಲಗೈ, ಬಾಯಿ ಮಾತ್ರ ನನಗಿಂತ ಜೋರು.

ಅವನ ಸಂಕಟ ಒಂದೇ, ಬಣ್ಣ ತೆಳುಮಾಡಲು ಬೆರೆಸುವ ಥಿನ್ನರ್ ವಾಸನೆ. ಸೋಪು ಸವೆದರೂ ಅದು ಮೈ ಬಿಡುತ್ತಿರಲಿಲ್ಲ. ಎಳೆಯ ಮಗಳನ್ನು ಎತ್ತಿಕೊಂಡರೆ ಸಾಕು, ಕೆಮ್ಮಿ ಅಳುತ್ತಿದ್ದಳು. "ದೂರ ನಿಂತ್ಕೊಂಡು ನೋಡು," ಎನ್ನುತ್ತಿದ್ದಳು ಹೆಂಡತಿ ಹರಿತಾ. ಹೆತ್ತ ಮಗಳನ್ನು ಗುಡಿಯ ದೇವರಂತೆ ಹೊಸ್ತಿಲಾಚೆಯಿಂದ ನೋಡುವ ಬಾಳು ಯಾರಿಗೆ ಬೇಕು ಹೇಳಿ!

ಹಾಗಾಗಿ ಥಿನ್ನರ್ ಬೇಡದ ಕೋಟಿಂಗ್ ಬಂದಿದೆ ಎಂದು ನಾನು ಹೇಳಿದಾಗ ಅವನು ಕುಣಿದೇಬಿಟ್ಟ. ಎರಡು ಡಬ್ಬಗಳಲ್ಲಿ ಇರುವುದನ್ನು ಒಂದಕ್ಕೊಂದು ಕಲಸಿ ಬಳಿದರೆ ಕಬ್ಬಿಣಕ್ಕೆ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಕಲ್ಯಾಣದುರ್ಗದ ಪಂಪ್‌ಹೌಸಿನಲ್ಲಿ ಒಂದು ದೊಡ್ಡ ಪಂಪಿನ ಕೆಲಸ ಸಿಕ್ಕಿತು. ನಾನು ಎರಡು ಸೆಟ್ ತಂದೆ, ಒಂದು ಕೆಲಸಕ್ಕೆ, ಇನ್ನೊಂದು ಕೈ ತಪ್ಪಿದರೆ ಇರಲಿ ಎಂದು.

"ಇದು ಸರಿಯಾಗಿ ಕೂತ್ರೆ ಶೆಡ್ಡಿಗೆ ಥಿನ್ನರ್ ತರಾದೇ ಇಲ್ಲ. ಕೆಟ್ರೆ ಹಳೇ ದಾರೀನೇ ಕಣ್ಲಾ," ಎಂದೆ.

ಹಳೆಯ ಬಣ್ಣವನ್ನು ಬೆಳಿಗ್ಗೆ ಕಲಸಿಟ್ಟರೆ ಸಂಜೆಯವರೆಗೂ ಬಳಿಯಬಹುದಿತ್ತು. ಆ ಅಭ್ಯಾಸದಲ್ಲೇ ಪಂಪ್‌ಹೌಸಿಗೆ ಹೋದೊಡನೆ ಓಬುಳೇಶ ಒಂದು ಸೆಟ್ಟನ್ನು ಪೂರ್ತಿ ಬಕೆಟ್ಟಿಗೆ ಸುರಿದು ಕಲಸಿದ. ಪೂಜೆಗೆ ಕಾಯಿ ತರಲು ನನ್ನನ್ನು ಅಂಗಡಿಗೆ ಅಟ್ಟಿದ. ನಾನು ತಿರುಗಿ ಬರುವ ಹೊತ್ತಿಗೆ ಬಕೆಟ್ಟಿನಿಂದ ಹೊಗೆ ಏಳುತ್ತಿತ್ತು!

"ಅಯ್ಯೋ, ನಿಪ್ಪು ಅಣ್ಣಾ, ನಿಪ್ಪು! ಬೆಂಕಿನೇ ಹಾಕಿಲ್ಲ, ತಾನೇ ಕಾದ್ಬುಡ್ತು!"

"ಕಲಸಿದ ತಕ್ಷಣ ಬಳೀಬೇಕು ಅಂದಿರ್ಲಿಲ್ವೇನ್ಲಾ?"

"ಮಂಗಳವಾರ ಕಣಣ್ಣ. ರಾಹುಕಾಲ ಕಳೀಲಿ ಅಂತ ಕಾಯ್ತಿದ್ದೆ."

ಬಕೆಟ್ಟಿನಲ್ಲಿದ್ದ ಬ್ರಷ್ ಹಿಡಿದು ಎಳೆದೆ. ಬ್ರಷ್ ಜೊತೆಗೆ ಬಕೆಟ್ಟೂ ಮೇಲೆ ಬಂತು. "ರಾಹು ಇಲ್ಲೇ ಕೂತವ್ನೆ, ಮಂಗಳಾರತಿ ಎತ್ತು!" ಎಂದು ಕೂಗಾಡಿದೆ. "ಇನ್ನೊಂದು ಸೆಟ್ ಐತಲ್ಲಣ್ಣ?" ಎಂದಷ್ಟೇ ಅವನು ಕೇಳಿದ. ಆ ಮುಖ ನೋಡಿ ನನ್ನ ಸಿಟ್ಟು ಜರ್ರನೆ ಇಳಿಯಿತು.

ರಾಹುಕಾಲ ಕಳೆಯಿತು. ಈ ಸಲ ಕಾಯಿ ಮೊದಲು, ಕಲಸುವುದು ಆಮೇಲೆ. ಕೈಗವಸು ಹಾಕಿಕೊಂಡು, ಅಳತೆ ನೋಡಿ ನಾನು ಸ್ವಲ್ಪ ಸ್ವಲ್ಪವೇ ಕಲಸಿ ಕೊಟ್ಟೆ, ಅವನು ಬಳಿದ. "ತೇ ಅಣ್ಣಾ, ಬೇಗ ತಾ!" ಎಂದು ಅವನ ಕೂಗು. ಯಜಮಾನ ಯಾರು, ಆಳು ಯಾರು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಎಷ್ಟು ಖುಷಿಯಾಗಿತ್ತೆಂದರೆ, ನಾನೂ ಅವನ ಹಿಂದೆ ಕೂಗುತ್ತಲೇ ಓಡಾಡಿದೆ.

ಮರುದಿನ ಬೆಳಿಗ್ಗೆ ಅವನು ಹೆದರುತ್ತಲೇ ಪಂಪಿನ ಮೇಲೆ ಉಗುರು ಒತ್ತಿ ನೋಡಿದ. ಗೆರೆಯೂ ಮೂಡಲಿಲ್ಲ. ಪಂಪ್‌ಹೌಸಿನವರೆಲ್ಲ ನೋಡುತ್ತಿದ್ದಂತೆ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಹಿಂದೂಪುರದಲ್ಲಿ ಬಸ್ಸಿಳಿದವನು ಕೈತೊಳೆದು, ಅಂಗಿ ಬದಲಿಸಿ, ನನ್ನನ್ನೂ ಎಳೆದುಕೊಂಡೇ ಮನೆಗೆ ಹೋದ. ಹೊಸ್ತಿಲು ದಾಟಿ ಸೀದಾ ತೊಟ್ಟಿಲಿಗೆ ಕೈ ಹಾಕಿದ. ಹರಿತಾ ಓಡಿ ಬಂದು ಅವನ ಹೆಗಲು ಮೂಸಿದಳು, ತಲೆ ಮೂಸಿದಳು. ಮುಖ ಗಂಟಿಕ್ಕಿದಳು.

"ವಾಸ್ನೇನೇ ಇಲ್ಲ! ಕೆಲ್ಸುಕ್ಕೋಗ್ದೆ ಎಲ್ಲಿ ತಿರುಗ್ತಿದ್ದೆ? ನಿಜ ಹೇಳು!"

ಓಬುಳೇಶ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಮಗಳು ಎರಡೂ ಕೈಯಲ್ಲಿ ಅವನ ಮೀಸೆ ಹಿಡಿದುಕೊಂಡಿದ್ದಳು. ಅಳಲಿಲ್ಲ, ಕೆಮ್ಮಲಿಲ್ಲ, ಬಿಡಲೂ ಇಲ್ಲ.