ಯಜಮಾನರು ಪಂಪು ಆರಿಸಿದ್ದು

ಹೆರಿಗೆ ರಜೆ ಮುಗಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡಬೇಕಿತ್ತು. ನಾನಿಲ್ಲದಾಗಲೂ ಮಗುವಿಗೆ ನನ್ನ ಹಾಲೇ ಸಿಗಲಿ ಅಂತ, ಎದೆಹಾಲು ತೆಗೆದಿಡುವ ಪಂಪು ಕೊಳ್ಳಲು ಗಂಡನ ಜೊತೆ ಹಗರೆಯಿಂದ ಬೇಲೂರಿನ ಮೆಡಿಕಲ್ ಶಾಪಿಗೆ ಹೋದೆ. ನಾನು ಪಂಪು ಅಂದದ್ದೇ ತಡ, ನಮ್ಮ ಯಜಮಾನರು ಕೆಮ್ಮಿನ ಔಷಧಿಯ ಬಾಟಲಿಗಳನ್ನು ಓದತೊಡಗಿದರು. ಅಂಗಡಿಯವನೂ ನನ್ನನ್ನು ಬಿಟ್ಟು ಅವರನ್ನೇ ಕೇಳಿದ: "ಕೈಯಲ್ಲಿ ಒತ್ತೋದಾ ಸಾರ್, ಕರೆಂಟಿಂದಾ?"

"ಕೈದೇ ಕೊಡಿ, ಸಾಕು."

"ಯಾಕ್ರೀ? ಹಸುಗೆ ಹಾಲು ಕರೆಯೋ ಮಿಷಿನ್ ತರೋವಾಗ ಹಾಸನವೆಲ್ಲ ಸುತ್ತಿದ್ರಿ. ನಂಗೆ ಯಾವುದಾದ್ರೂ ಆಯ್ತದಾ?"

ಹಸುವಿನ ಮಾತು ಬಂದದ್ದೇ ಅವರ ನಾಚಿಕೆ ಹಾರಿಹೋಯಿತು. ಕರೆಂಟಿನ ಪಂಪಿನ ಡಬ್ಬ ಬಿಚ್ಚಿಸಿ, ತಿರುಗಿಸಿ ನೋಡಿದರು. "ಎಳೆಯೋದು ಕಮ್ಮಿ ಜಾಸ್ತಿ ಮಾಡ್ಬಹುದಾ? ರಬ್ಬರ್ ಬಿಚ್ಚಿ ತೊಳೆಯೋಕಾಯ್ತದಾ? ಬಟ್ಟಲು ಅಳತೆಗೆ ಕೂರದಿದ್ರೆ ಕೆಚ್ಚಲು ಬಾವು ಬತ್ತದೆ ಕಣ್ರೀ!"

ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಆದರೆ ಕೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅಳತೆಗೆ ಕೂರುವ ಕರೆಂಟಿನ ಪಂಪೇ ಮನೆಗೆ ಬಂತು.

ಇಡೀ ಬಾಣಂತನದಲ್ಲಿ ಅವರು ನನ್ನ ಮೈ ಬಗ್ಗೆ ಇಷ್ಟು ಕಾಳಜಿಯಿಂದ ವಿಚಾರಿಸಿದ್ದು ಅದೇ ಮೊದಲು. ಮನಸ್ಸಿನಲ್ಲಿ ಹಸುವೇ ಇದ್ದಿರಬಹುದು. ಇರಲಿ, ನಮ್ಮನೆಯಲ್ಲಿ ಅದಕ್ಕಿಂತ ದೊಡ್ಡ ಸ್ಥಾನ ಅತ್ತೆಗೂ ಸಿಕ್ಕಿಲ್ಲ.